ಪೋಸ್ಟಮ್ಮನ ರಸ್ತೆಯ ಒಂಬತ್ತು ಬಾವುಟಗಳು

ಹೋದ ವಾರ ಬೇಸ್‌ಮೆಂಟ್ ಗುಡಿಸುವಾಗ ನನ್ನ ಹಳೆಯ ಪರೀಕ್ಷೆಯ ಪ್ಯಾಡ್ ಸಿಕ್ಕಿತು. ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿಗೆಂದು ಕೊಂಡದ್ದು. ಬಿ.ಎ. ಮುಗಿಸಿ, ನನ್ನ ಮದುವೆಯನ್ನೂ ಕಂಡು, ಸೂಟ್‌ಕೇಸಿನ ತಳದಲ್ಲಿ ಕೂತು ನನ್ನೊಡನೆ ಅಮೆರಿಕಕ್ಕೂ ಬಂದಿತ್ತು. ತುಕ್ಕು ಹಿಡಿದ ಕ್ಲಿಪ್ಪನ್ನು ಬಿಡಿಸಿದರೆ ಒಳಗೆ ಒಂದು ಖಾಲಿ ಫಾರಂ. ಅದರ ಕೊನೆಯ ಪ್ರಶ್ನೆ, ನಿಮಗೆ ಏನಾದರೂ ಸಹಾಯ ಬೇಕೆ? ಓದಿದ್ದೇ ತಡ, ಗಂಡಸರ ನೀಲಿ ಸ್ವೆಟರ್ ತೊಟ್ಟ ಪೋಸ್ಟಮ್ಮ ಕಣ್ಣ ಮುಂದೆ ಬಂದು ನಿಂತರು...

ಎಪ್ಪತ್ತರ ದಶಕದ ಆರಂಭ. ಯಜಮಾನರು ಮಿಷಿಗನ್ ರಾಜ್ಯದ ಆನ್ ಆರ್ಬರಿನಲ್ಲಿ ಡಾಕ್ಟರು, ನಾನು ಅಲ್ಲೇ ಸಮಾಜಶಾಸ್ತ್ರದ ವಿದ್ಯಾರ್ಥಿನಿ. ನಲವತ್ತು ಮೈಲಿ ದೂರದ ಒಂದು ಹಳ್ಳಿಯವರ ವಯಸ್ಸು, ಊಟ, ಓಡಾಟ, ಆರೋಗ್ಯ ಎಲ್ಲವನ್ನೂ ಬರೆದು ತರುವ ಕೆಲಸವನ್ನು ಪ್ರೊಫೆಸರು ನನಗೆ ಒಪ್ಪಿಸಿದ್ದರು. ಹರೆಯದವರೆಲ್ಲ ಡೆಟ್ರಾಯಿಟ್ ಕಡೆಯ ಕಾರು ಫ್ಯಾಕ್ಟರಿ ಸೇರಿ, ಜೋಳದ ಹೊಲಗಳ ನಡುವೆ ವಯಸ್ಸಾದವರೇ ಉಳಿದ ಊರು. ಸ್ಕೂಲು ಮುಚ್ಚಿತ್ತು. ಚರ್ಚಿನಲ್ಲಿ ಕೊನೆಯ ಮದುವೆ ಯಾರದೆಂಬುದರ ಬಗ್ಗೆ ಎರಡು ಪಂಗಡಗಳಿದ್ದವು. ವಾರಕ್ಕೊಮ್ಮೆ ಕೌಂಟಿಯ, ಎಂದರೆ ಅಲ್ಲಿನ ಜಿಲ್ಲಾಡಳಿತದ, ನರ್ಸ್ ಬಂದು ಬಿ.ಪಿ. ನೋಡಿ, ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿ ಹೋಗುತ್ತಿದ್ದರು. ಅಗತ್ಯವಿಲ್ಲದಿದ್ದರೆ ಆಕೆಯ ಬರವನ್ನು ನಿಲ್ಲಿಸಿಬಿಡುವುದು ಕೌಂಟಿಯವರ ಯೋಚನೆ. ನಮ್ಮ ಫಾರಂಗಳನ್ನು ನೋಡಿಯೇ ಅವರು ತೀರ್ಮಾನಿಸುವವರಿದ್ದರು.

ಆದರೆ ಎರಡು ಶನಿವಾರ ತಿರುಗಿದರೂ ಒಬ್ಬರೂ ಸಹಾಯ ಬೇಕು ಎನ್ನಲಿಲ್ಲ. ಎರಡು ಕೋಲು ಊರಿಕೊಂಡು, ಬಾಗಿಲಿಗೆ ಬರಲು ಐದು ನಿಮಿಷ ತೆಗೆದುಕೊಂಡ ಅಜ್ಜನೂ “ನಾನು ಫೈನ್” ಎಂದೇ ಬರೆಸಿದ. ಹೀಗೇ ಹೋದರೆ ಎಲ್ಲರೂ ಸೇರಿ ನರ್ಸನ್ನು ಕೈಯಾರೆ ಕಳಿಸಿಕೊಟ್ಟಂತೆಯೇ ಆಗುತ್ತಿತ್ತು.

ಮೂರನೆಯ ಶನಿವಾರ ಯಜಮಾನರು ನನ್ನನ್ನು ಒಂದು ಮಣ್ಣುರಸ್ತೆಯ ಬಾಯಲ್ಲಿ ಇಳಿಸಿ, “ನಾಲ್ಕು ಗಂಟೆಗೆ ಬರ್ತೀನಿ. ಯಾರಾದ್ರೂ ಕಾಫಿ ಕೊಟ್ರೆ ಬೇಡ ಅನ್ಬೇಡ ಮಾರಾಯ್ತಿ” ಎಂದು ಹೊರಟರು. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಅಲ್ಲಿಯವರು ಊಟಕ್ಕೆ ಕೂರುವ ಹೊತ್ತು. ಊಟದ ಸಮಯದಲ್ಲಿ ಕಂಡವರ ಮನೆ ಬಾಗಿಲು ತಟ್ಟಬಾರದೆಂದು ಅಮ್ಮ ಕಲಿಸಿದ್ದರು. ಸದ್ಯ ಫಾರಂಗಳನ್ನು ರಸ್ತೆ ಬದಿಯ ಅಂಚೆ ಡಬ್ಬಿಗಳಲ್ಲಿಟ್ಟು, ಆಮೇಲೆ ಬಂದು ವಿಚಾರಿಸೋಣ ಎಂದುಕೊಂಡೆ. ಪ್ರತಿ ಡಬ್ಬಿಯ ಪಕ್ಕದಲ್ಲೂ ತಗಡಿನ ಕೆಂಪು ಬಾವುಟ ಎದ್ದು ನಿಂತಿತ್ತು. ಕಳಿಸುವ ಕಾಗದ ಇದೆ ಎಂದು ಅಂಚೆಯವರಿಗೆ ತಿಳಿಸಲು ಅದನ್ನು ಎತ್ತಿಡುತ್ತಾರೆ. ಒಳಗೆ ನೋಡಿದರೆ ಕಾಗದವೇ ಇಲ್ಲ! ಪಾಪ, ವಯಸ್ಸಾದವರು, ಇಳಿಸುವುದು ಮರೆತಿದ್ದಾರೆ. ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವ ಮನೆತನ ನಮ್ಮದು. ಒಂದೊಂದು ಡಬ್ಬಿಗೂ ಫಾರಂ ಹಾಕುತ್ತ, ಒಂಬತ್ತು ಬಾವುಟಗಳನ್ನೂ ಅಚ್ಚುಕಟ್ಟಾಗಿ ಇಳಿಸಿದೆ.

ಸ್ವಲ್ಪ ಹೊತ್ತಿಗೆ ಧೂಳೆಬ್ಬಿಸಿಕೊಂಡು ಒಂದು ಹಳೆಯ ಕಾರು ಬಂದು ನನ್ನ ಪಕ್ಕ ನಿಂತಿತು. ಒಳಗಿದ್ದವರು ಆ ರಸ್ತೆಗೆ ಟಪಾಲು ತರುವ ಹೆಂಗಸು. ಅವರಿಗೂ ಅರವತ್ತು ದಾಟಿತ್ತು. ಮುಖ ಬಿಳಿಚಿಕೊಂಡಿತ್ತು.

“ಬಾವುಟ ಇಳ್ಸಿದ್ದು ಯಾರು, ನೀನಾ?”

“ಹೌದು ಆಂಟಿ...”

ಅವರು ಸ್ಟೀರಿಂಗಿಗೆ ಹಣೆ ಹಚ್ಚಿ ನಗತೊಡಗಿದರು. ಆ ರಸ್ತೆಯಲ್ಲಿದ್ದವರೆಲ್ಲ ಒಬ್ಬೊಬ್ಬರೇ ಇರುವವರು. ಬೆಳಗ್ಗೆ ಎದ್ದೊಡನೆ ಬಾವುಟ ಎತ್ತಬೇಕು, ರಾತ್ರಿ ಮಲಗುವ ಮುಂಚೆ ಇಳಿಸಬೇಕು. ಎತ್ತಿಲ್ಲವೆಂದರೆ ಏನೋ ಆಗಿದೆ, ಹೋಗಿ ನೋಡಬೇಕು. ಅದು ಅವರವರೇ ಮಾಡಿಕೊಂಡ ಏರ್ಪಾಡು. ಆಕೆಯ ಮಾತನ್ನು ನಮ್ಮ ಭಾಷೆಯಲ್ಲೇ ಹೇಳುವುದಾದರೆ, “ಒಂದೇ ಬೆಳಗ್ಗೆ ರಸ್ತೆಗೆ ರಸ್ತೆನೇ ಖಾಲಿ ಆಯ್ತು ಅಂದ್ಕೊಂಡೆ ಕಣಮ್ಮ!” ಸ್ಟಾಂಪಿಲ್ಲದ ಕಾಗದವನ್ನು ಆ ಡಬ್ಬಿಗೆ ಹಾಕುವುದೇ ತಪ್ಪೆಂದು ಬೈದರು. ಬೈದು, ಕಾರಿನ ಬಾಗಿಲು ತೆಗೆದು, “ಹತ್ತು, ಎಲ್ಲಾ ಮತ್ತೆ ಎತ್ತೋಣ” ಎಂದರು. ಅಂದಿನಿಂದ ನನ್ನ ಬಾಯಲ್ಲಿ ಅವರು ಪೋಸ್ಟಮ್ಮ.

ಅಷ್ಟರಲ್ಲಿ ಎಲ್ಲರೂ ಊಟ ಬಿಟ್ಟು ರಸ್ತೆಗೆ ಬಂದಿದ್ದರು. ಮೊದಲನೆಯ ಮನೆಯ ಅಜ್ಜಿ, “ನಂದು ಬಿಡಿ, ನಾನು ಫೈನ್. ಎದುರುಮನೆಯವನದೂ ಇಳಿದಿದೆಯಲ್ಲ! ಅವನಿಗೆ ಸಕ್ಕರೆ ಕಾಯಿಲೆ, ಹೆಬ್ಬೆರಳು ಕಪ್ಪಾಗಿದೆ, ಅವನನ್ನ ನೋಡಿ” ಎಂದರು. ಎದುರುಮನೆಯ ಅಜ್ಜ, “ನನ್ನ ಕಾಲಿಗೇನಾಗಿದೆ? ಆಕೆ ಬಚ್ಚಲಲ್ಲಿ ಎರಡು ಸಲ ಬಿದ್ದಿದಾಳೆ, ಮಗನಿಗೂ ಹೇಳಿಲ್ಲ” ಎಂದ. ತಮ್ಮ ವಿಷಯಕ್ಕೆ ಬಾಯಿ ಬಿಡದವರು ಪಕ್ಕದ ಮನೆಯ ವಿಷಯಕ್ಕೆ ಕೇಳದೆಯೇ ಪುರಾಣ ಬಿಚ್ಚಿದರು. ನನಗೆ ನಮ್ಮ ವಠಾರದ ನಲ್ಲಿಯ ಮುಂದೆ ನಿಂತ ಹಾಗಾಯಿತು. ಪೋಸ್ಟಮ್ಮ ಮೊಣಕೈಯಿಂದ ತಿವಿದು, “ಬರಕೋ, ಬರಕೋ” ಎಂದರು. ನಾನು ಫಾರಂ ತಿರುವಿ ಹಿಂಬದಿಯಲ್ಲಿ ಬರೆದೇ ಬರೆದೆ. ಹಿಂದಿನ ಎರಡು ಶನಿವಾರದ ಮನೆಗಳಿಗೂ ಮತ್ತೆ ಹೋಗಿ, ನೆರೆಯವರ ಬಗ್ಗೆಯೇ ಕೇಳಿಕೊಂಡು ಬಂದೆ.

ಅಂದು ರಸ್ತೆಯ ಕೊನೆಗೆ ಸಿಕ್ಕಿದ್ದು ಪೋಸ್ಟಮ್ಮನದೇ ಮನೆ, ಡಬ್ಬಿ ಬಾವುಟ ಇಲ್ಲದ ಹತ್ತನೆಯದು. ಅವರೂ ಒಬ್ಬರೇ. ಕಾರಿನಿಂದಿಳಿದು ಬಾಗಿಲು ಹಿಡಿದು ಏದುಸಿರು ಬಿಡುತ್ತ ನಿಂತರು.

“ನಿಮ್ಗೇನಾದ್ರೂ ಸಹಾಯ ಬೇಕಾ ಆಂಟಿ?”

“ಇಷ್ಟು ಓಡಾಡಿಸಿದೀಯ, ಏದುಸಿರು ಬರದೆ ಇರುತ್ತಾ? ಫೈನ್ ಅಂತ ಬರಿ.”

ಬರೆದೆ. ಉಳಿದ ಒಂಬತ್ತು ಮನೆಯವರನ್ನು ಆಕೆಯ ಬಗ್ಗೆಯೂ ಕೇಳಬೇಕೆಂದು ಹೊಳೆಯಲೇ ಇಲ್ಲ.

ನರ್ಸ್ ಉಳಿದರು. ಫಾರಂಗಳಿಂದ ನಾನು ಮಾಡಿಕೊಟ್ಟ ಹೆಸರುಗಳ ಪಟ್ಟಿ ಹಿಡಿದು ಮನೆಮನೆಗೇ ಹೋಗತೊಡಗಿದರು. ಹೆಬ್ಬೆರಳು ಉಳಿಯಿತು, ಬಚ್ಚಲಿಗೆ ಹಿಡಿಕೆ ಬಂತು. ಇದನ್ನೆಲ್ಲ ಪೋಸ್ಟಮ್ಮ ಎರಡು ಕ್ರಿಸ್‌ಮಸ್ ಕಾರ್ಡುಗಳಲ್ಲಿ ಜಂಬದಿಂದ ಬರೆದಿದ್ದರು. ಮೂರನೆಯ ವರ್ಷ ಕಾರ್ಡು ಬರಲಿಲ್ಲ, ನರ್ಸಿನ ಕಾಗದ ಬಂತು. ಪೋಸ್ಟಮ್ಮ ಹೃದಯಾಘಾತದಿಂದ ಹೋದರಂತೆ. ದಾರಿಯಲ್ಲಿ ಕಾರು ನಿಲ್ಲಿಸಿ ಅವರು ಉಸಿರು ಹಿಡಿಯುತ್ತಿದ್ದುದು ರಸ್ತೆಯವರಿಗೆಲ್ಲ ಗೊತ್ತಿತ್ತಂತೆ. “ಅವರ ಹೆಸರು ಮಾತ್ರ ನನ್ನ ಪಟ್ಟಿಯಲ್ಲಿರಲಿಲ್ಲ” ಎಂದು ನರ್ಸ್ ಬರೆದಿದ್ದರು. ಪಟ್ಟಿ ಮಾಡಿದವಳು ನಾನು. ಅಂದು ತುಂಬಾ ಅತ್ತೆ.

ಈಗ ನನಗೂ ಎಪ್ಪತ್ತೆಂಟು. ಫಾರ್ಮಿಂಗ್ಟನ್ ಹಿಲ್ಸಿನ ನಮ್ಮ ಬಡಾವಣೆಯಲ್ಲಿ ಕಸದ ಡಬ್ಬಿ ಎಳೆಯುತ್ತ ಯಾರಾದರೂ “ಹೌ ಆರ್ ಯೂ” ಎಂದು ಕೈ ಬೀಸಿದರೆ, ನಾನು ನಿಂತು ಬಲಮೊಣಕಾಲಿನಿಂದ ಶುರು ಮಾಡುತ್ತೇನೆ. ಬಿ.ಪಿ.ಗೆ ಬರುವ ಹೊತ್ತಿಗೆ ಅವರು ಗಡಿಯಾರ ನೋಡುತ್ತಿರುತ್ತಾರೆ. ಮಗಳಿಗೆ ನಾಚಿಕೆ. “ಅಮ್ಮಾ, ಜಸ್ಟ್ ಸೇ ಫೈನ್!” ಎನ್ನುತ್ತಾಳೆ.

“ಆಗಲ್ಲ ಕಣೇ” ಎನ್ನುತ್ತೇನೆ. “ಒಂದು ಸಲ ಫೈನ್ ಅಂತ ಬರೆದು, ಒಬ್ಬರನ್ನ ಕಳಕೊಂಡಿದೀನಿ.”