ನಾನು ಕೂತರೆ ವಿಕೆಟ್ ಬೀಳುತ್ತಿತ್ತು

ಸೊರಬದ ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ ಶಿಕಾರಿಪುರದ ಬಸ್ಸು ಹತ್ತಿ ನಿಂತಿದ್ದೆ. ಅರ್ಧ ದಾರಿಯಲ್ಲಿ ಸೀಟು ಸಿಕ್ಕಿ ನಾನು ಕೂರುವುದಕ್ಕೂ, ಪಕ್ಕದ ಅಜ್ಜನ ಟ್ರಾನ್ಸಿಸ್ಟರಿನಲ್ಲಿ ನಮ್ಮವರ ವಿಕೆಟ್ ಬೀಳುವುದಕ್ಕೂ ಸರಿಹೋಯಿತು. ಇಡೀ ಬಸ್ಸು ನನ್ನನ್ನೇ ದುರುಗುಟ್ಟಿ ನೋಡಿತು.

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕೋರೆ, ನೀವು ನಿಂತಿದ್ದಾಗ ಆಟ ಚಲೋ ನಡೆದಿತ್ತು" ಎಂದು ಅಜ್ಜ ಕೈಮುಗಿದರು.

ನಗು ತಡೆದುಕೊಂಡು ಎದ್ದು ನಿಂತೆ. ಮುಂದಿನ ಚೆಂಡಿಗೇ ಬೌಂಡರಿ! ಆಮೇಲೆ ಕೂರಲು ಕಂಡಕ್ಟರೂ ಬಿಡಲಿಲ್ಲ. ಶಿಕಾರಿಪುರದಲ್ಲಿ ಇಳಿಯುವಾಗ ಅಜ್ಜ ಕಳಕಳಿಯಿಂದ ಕೇಳಿದರು: "ನಾಳೆನೂ ಇದೇ ಬಸ್ಸಿಗೆ ಬರ್ತೀರಲ್ಲ? ಟೆಸ್ಟು ಇನ್ನೂ ಎರಡು ದಿನ ಐತ್ರಿ."

ಕ್ರಿಕೆಟ್ಟಿನ ಗಂಧಗಾಳಿಯೂ ಇಲ್ಲದವಳು ನಾನು. ಆದರೂ ಮರುದಿನ ಅರ್ಧ ಬಸ್ಸು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬಂದೆ. ಅಜ್ಜ ಅಂದು ಬಸ್ಸಿಗೇ ಬಂದಿರಲಿಲ್ಲ.