ಹೂ ಬಿದ್ದದ್ದು ಯಾವ ಪ್ರಶ್ನೆಗೆ

ದೇವಿಯ ಮೇಲೆ ನನಗೆ ಯಾವತ್ತೂ ಅನುಮಾನ ಬಂದಿಲ್ಲ. ಅವಳ ಮುಂದೆ ನಿಂತು ಪ್ರಶ್ನೆ ಕೇಳುವವರ ಮೇಲೆ ಬಂದಿದೆ.

ದೇವರಾಜ ಮೊಹಲ್ಲಾದ ನಮ್ಮ ಮನೆಯಲ್ಲಿ ಆಗ ಎರಡು ಸಂಸಾರ, ಒಂದೇ ಅಡುಗೆಮನೆ. ಯಜಮಾನರದು ಮಾರ್ಕೆಟ್ಟಿನಲ್ಲಿ ಅರಿಶಿನ ಕುಂಕುಮದ ಅಂಗಡಿ. ಅವರ ಅಣ್ಣ, ನಮ್ಮ ಭಾವನವರು, ಊರಾಚೆ ಕಡಕೊಳದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ಇಬ್ಬರೂ ಸೇರಿ ಕಡಕೊಳದಲ್ಲೊಂದು ಮನೆ ಕಟ್ಟಿಸಿದರು. ಒಂದು ಸಂಸಾರ ಅಲ್ಲಿಗೆ ಹೋಗಬೇಕು. ಕೆಲಸ ಅಲ್ಲೇ ಇರುವವರು ಹೋಗುತ್ತಾರೆಂದು ನಾನು ಸುಮ್ಮನಿದ್ದೆ.

ಒಂದು ಶುಕ್ರವಾರ ಭಾವನವರು ದೇವಸ್ಥಾನದಿಂದ ಬಂದು ಚಪ್ಪಲಿ ಬಿಡುತ್ತಲೇ ಹೇಳಿದರು: "ಪ್ರಸಾದ ಕೇಳ್ಬುಟ್ಟು ಬಂದೆ. ಬಲಗಡೆ ಹೂ ಆಯ್ತು. ತಮ್ಮನೇ ಹೋಗ್ಲಿ ಅಂತ ಅಪ್ಪಣೆ."

ಅರ್ಚಕರ ಮೂಲಕ ಪ್ರಶ್ನೆ ಕೇಳಿದಾಗ ದೇವಿಯ ಬಲಗಡೆಯಿಂದ ಹೂ ಬಿದ್ದರೆ ಹೌದು, ಎಡಗಡೆಯಿಂದ ಬಿದ್ದರೆ ಬೇಡ. ಅದರ ಮೇಲೆ ನಮ್ಮಲ್ಲಿ ಮಾತಿಲ್ಲ. ಯಜಮಾನರು ಕೈ ಮುಗಿದರು. ಇನ್ನು ಅಂಗಡಿಗೆ ಅವರು, ಕಾಲೇಜಿಗೆ ಮಗಳು, ದಿನಾ ಎರಡೆರಡು ಬಸ್ಸು. ಬೆಳಿಗ್ಗೆ ನಾಲ್ಕು ಹೆಜ್ಜೆ ನಡೆದು ತಾಜಾ ಮಲ್ಲಿಗೆ ತಂದು ದೇವರಿಗೆ ಏರಿಸುವ ನನ್ನ ಭಾಗ್ಯವೂ ಮುಗಿಯಿತು.

ಮಾರನೆಯ ದಿನ ಮಗಳು ಬಿ.ಎ. ಪರೀಕ್ಷೆಗೆ ಚರಿತ್ರೆ ಪಾಠ ಒಪ್ಪಿಸುತ್ತಿದ್ದಳು. ನಾನು ಅವಳ ನೋಟ್ಸು ತೊಡೆಯ ಮೇಲಿಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದೆ. ಹಳೇ ಗ್ರೀಕರು ಸಮುದ್ರದಾಚೆ ಹೊಸ ಊರು ಕಟ್ಟುವ ಮೊದಲು ಡೆಲ್ಫಿ ಎಂಬಲ್ಲಿ ದೇವರ ಅಪ್ಪಣೆ ಕೇಳುತ್ತಿದ್ದರಂತೆ. ಅಲ್ಲಿ ದೇವರು ಒಬ್ಬ ಹೆಂಗಸಿನ ಬಾಯಲ್ಲಿ ನುಡಿಯುತ್ತಿದ್ದನಂತೆ. ಒಬ್ಬ ತನ್ನ ತೊದಲು ಹೋಗುವುದು ಹೇಗೆಂದು ಕೇಳಿದರೆ, ಆಫ್ರಿಕಾದ ದಡಕ್ಕೆ ಹೋಗಿ ಊರು ಕಟ್ಟು ಎಂದು ಉತ್ತರ ಬಂತಂತೆ.

"ಯಾರ್ಯಾರು ಹೋಗ್ಬೇಕು ಅಂತಾನೂ ದೇವ್ರೇ ಹೇಳ್ತಾ?"

"ಇಲ್ಲ ಕಣಮ್ಮ. ಅಣ್ಣತಮ್ಮಂದಿರಲ್ಲಿ ಒಬ್ಬ ಅಂತ ಚೀಟಿ ಎತ್ತಿದ್ರು. ಬೇಡ ಅಂತ ವಾಪಸ್ ಬಂದೋರನ್ನ ದಡ ಹತ್ತೋಕೇ ಬಿಡ್ಲಿಲ್ಲ, ಹೊಡೆದೋಡಿಸಿದ್ರು. ಎಷ್ಟೋ ಅಪ್ಪಣೆ ಊರು ಕಟ್ಟಾದ್ಮೇಲೆ ಜನಾನೇ ಹುಟ್ಟಿಸಿದ್ದು ಅಂತಾರೆ ನಮ್ಮ ಮೇಡಂ."

"ದೇವರ ವಿಷಯದಲ್ಲಿ ಹಂಗೆಲ್ಲಾ ಅನ್ಬಾರದು" ಎಂದೆ. ಆದರೆ ಕೈಯಲ್ಲಿದ್ದ ಅವರೆಕಾಯಿ ಅರ್ಧಕ್ಕೇ ನಿಂತಿತು.

ಸೀರೆ ಬದಲಿಸಿ ದೇವಸ್ಥಾನಕ್ಕೆ ಹೋದೆ. ಮಂಗಳಾರತಿ ಮುಗಿಯುವವರೆಗೆ ಕಾದು, ನಿನ್ನೆ ನಮ್ಮ ಭಾವನವರು ಕೇಳಿದ್ದೇನು ಎಂದು ಅರ್ಚಕರನ್ನು ವಿಚಾರಿಸಿದೆ.

"ಕಡಕೊಳದ ಮನೆ ಆಗಿಬರುತ್ತಾ ಅಂದ್ರು. ತಾಯಿ ಬಲಗಡೆ ಕೊಟ್ಲು."

"ಯಾರು ಹೋಗ್ಬೇಕು ಅಂತ?"

"ಅದನ್ನ ಕೇಳ್ಲೇ ಇಲ್ವಲ್ಲಮ್ಮ."

ಗರ್ಭಗುಡಿಯ ಕಡೆ ತಿರುಗಿ ಕೆನ್ನೆ ತಟ್ಟಿಕೊಂಡೆ. ನನ್ನನ್ನು ಹೊರಗೆ ಕಳಿಸಿದ್ದು ಅವಳಲ್ಲ. ಅಷ್ಟು ಸಾಕಿತ್ತು.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ, ಸಾರು ಬಡಿಸುತ್ತಾ, ಇನ್ನೊಂದು ಸಲ ಪ್ರಸಾದ ಕೇಳೋಣ ಎಂದೆ.

"ದೇವರನ್ನ ಎರಡೆರಡು ಸಲ ಪರೀಕ್ಷೆ ಮಾಡ್ಬಾರದು" ಎಂದರು ಭಾವನವರು.

"ಯಾರು ಹೋಗ್ಬೇಕು ಅಂತ ಒಂದು ಸಲಾನೂ ಕೇಳಿಲ್ವಂತೆ. ಅರ್ಚಕರು ಹೇಳಿದ್ರು."

ಭಾವನವರ ಹೆಂಡತಿ, ನನ್ನ ಓರಗಿತ್ತಿ, ನಕ್ಕೇಬಿಟ್ಟರು. "ನಿಜ ಹೇಳ್ಬುಡಿ ಅತ್ಲಾಗೆ. ಈ ದೇವರ ಮನೆ ಬಿಟ್ಟು ಹೋದ್ರೆ ಹಿರಿತನ ಹೋಗ್ಬುಡುತ್ತೆ ಅಂತ ಭಯ ಇವರಿಗೆ. ನನಗೇನ್ರೀ, ನಂದೂ ಅಂತ ಒಂದು ಒಲೆ ಆಗುತ್ತೆ."

"ದೊಡ್ಡಪ್ಪ, ಗ್ರೀಕರು ಹಳೇ ಊರಿನ ದೇವರ ಬೆಂಕೀನ ಒಯ್ದು ಹೊಸ ಊರಲ್ಲಿ ಹಚ್ತಿದ್ರಂತೆ" ಎಂದಳು ಮಗಳು. "ನೀವೂ ದೀಪ ತಗೊಂಡ್ಹೋಗಿ."

ಭಾವನವರು ಮಜ್ಜಿಗೆ ಅನ್ನ ಕಲಸಿಕೊಂಡರು. "ದೀಪ ಹಿರಿಯನ ಕೈಯಲ್ಲೇ ಹೋಗ್ಬೇಕು. ಅದು ಸರಿ" ಎಂದರು.

ಗೃಹಪ್ರವೇಶದ ದಿನ ನಮ್ಮ ನಂದಾದೀಪದಿಂದ ಹಚ್ಚಿದ ಲಾಟೀನು ಹಿಡಿದು ಅವರು ಕಾರಿನಲ್ಲಿ ಮುಂದೆ ಹೋದರು. ನಾವು ತಲುಪುವಷ್ಟರಲ್ಲಿ ಅದು ಹೊಸ ದೇವರ ಮನೆಯಲ್ಲಿ ಉರಿಯುತ್ತಿತ್ತು. ಹಿರಿಯನೇ ಹೋಗಲೆಂದು ದೇವಿ ಬಲಗಡೆ ಹೂ ಕೊಟ್ಟಳೆಂದೂ, ದಾರಿಯುದ್ದಕ್ಕೂ ದೀಪ ಆರಲಿಲ್ಲವೆಂದೂ ಅವರು ನೆಂಟರಿಗೆ ಹೇಳುತ್ತಿದ್ದರು. ಮಗಳು ನನ್ನ ಪಕ್ಕೆ ತಿವಿದಳು.

ನಮಸ್ಕಾರಕ್ಕೆ ಬಗ್ಗಿದಾಗ ಲಾಟೀನಿನ ಹಿಂದೆ ಸುಟ್ಟ ಬೆಂಕಿಕಡ್ಡಿಯೊಂದು ಕಂಡಿತು. ವಾಸನೆ ಇನ್ನೂ ಹೋಗಿರಲಿಲ್ಲ. ಯಾರಿಗೂ ಕಾಣದಂತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಮಾರನೆಯ ಬೆಳಿಗ್ಗೆ, ಮಲ್ಲಿಗೆ ತರಲು ನಡೆದುಹೋಗುವಾಗ, ಅದನ್ನು ಮೋರಿಗೆ ಹಾಕಿದೆ.