ನಾಗರಿಕ ಯುದ್ಧ ಅಲ್ಲ, ತಮ್ಮಾ

ಮಗಳ ಮಂಡಿ ತರಚಿತ್ತು. ಅಯೋಡಿನ್ ಬಾಟಲಿಯ ಮುಚ್ಚಳ ತೆಗೆದೊಡನೆ ನೆವಾರ್ಕ್‌ನ ನಮ್ಮ ಹಳೆಯ ಅಪಾರ್ಟ್‌ಮೆಂಟು ನೆನಪಾಯಿತು, ಪಕ್ಕದ ಮನೆಯ ಚಾಚಾ ನೆನಪಾದರು. ಅವರು ಬಾಗಿಲು ತೆರೆದರೆ ಇದೇ ವಾಸನೆ... ಅಥವಾ ಅವರ ಕೆಲಸ ಗೊತ್ತಿದ್ದರಿಂದ ವಾಸನೆಯನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ.

ಚಾಚಾ ವಿಜಯಪುರದವರು. ಅಮೆರಿಕಕ್ಕೆ ವಲಸೆ ಬಂದು, ಇಲ್ಲಿನ ಸೇನೆ ಸೇರಿ, ಗಾಯಾಳುಗಳಿಗೆ ಚಿಕಿತ್ಸೆ ಕೊಡುವ ಸೈನಿಕರಾಗಿ ಇರಾಕಿಗೆ ಹೋಗಿದ್ದರು. ಅಲ್ಲಿನ ಜನ ತಮ್ಮತಮ್ಮಲ್ಲೇ ಕೊಂದುಕೊಳ್ಳುತ್ತಿದ್ದ ಕಾಲ. ಗುಂಡಿನ ಸುರಿಮಳೆಯಲ್ಲಿ ಜೊತೆಯ ಸೈನಿಕನೊಬ್ಬನನ್ನು ಹೊತ್ತು ತಂದದ್ದಕ್ಕೆ ಅವರಿಗೆ ಪದಕ ಬಂದಿತ್ತು.

ಎಷ್ಟೋ ವರ್ಷಗಳ ಮೇಲೆ, ಇಲ್ಲಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಅವರಿಗೆ ಸನ್ಮಾನ. ನಿರೂಪಣೆ ಮಾಡುತ್ತಿದ್ದ ಬೆಂಗಳೂರಿನ ಇಂಜಿನಿಯರ್ ಗಟ್ಟಿಯಾಗಿ ಓದಿದ: “ನಾಗರಿಕ ಯುದ್ಧದಲ್ಲಿ ಶೌರ್ಯ ಪದಕ ಗೆದ್ದ ನಮ್ಮ ಹೆಮ್ಮೆಯ ಕನ್ನಡಿಗ!”

ಚಾಚಾ ಅವನ ಕೈಯಿಂದ ಮೈಕು ತೆಗೆದುಕೊಂಡರು. “ಯುದ್ಧದಾಗ ನಾಗರಿಕತನ ಎಲ್ಲಿ ಕಂಡ್ಯೋ ತಮ್ಮಾ?”

“ಸಾರಿ ಅಂಕಲ್, ಸಿವಿಲ್ ವಾರ್ ಅಂತ ಹಾಕಿದ್ರೆ ಫೋನು ಹಂಗೇ ಹೇಳ್ತು.”

“ಫೋನಿಗೆ ಗುಂಡು ಬಿದ್ದಿಲ್ಲ, ಅದಕ್ಕ. ಅಂತರ್ಯುದ್ಧ ಅನ್ನು. ಒಂದ ಓಣಿಯವ್ರು ಒಬ್ರನ್ನೊಬ್ರು ಕೊಂದದ್ದು.”

ಸಭೆ ನಕ್ಕಿತು. ಚಾಚಾ ನಗಲಿಲ್ಲ, ಮಾತು ಮುಂದುವರಿಸಿದರು. ಸೈನಿಕನನ್ನು ತಂದ ಮೇಲೆ, ಬೇಡವೆಂದು ಮೇಲಿನವರು ಕೂಗುತ್ತಿದ್ದರೂ ಅವರು ಮತ್ತೆ ಆ ಓಣಿಗೆ ಓಡಿದ್ದರು. ಅಲ್ಲಿ ರೊಟ್ಟಿ ಬೇಯಿಸುವವನೊಬ್ಬ ನೆರೆಯವನ ಗುಂಡು ತಿಂದು ಬಿದ್ದಿದ್ದ. ಅವನನ್ನೂ ಹೊತ್ತು ತಂದರು. ಅವನು ಉಳಿಯಲಿಲ್ಲ. ಪದಕ ಕೊಡುವಾಗ ಓದಿದ ಮಾತಿನಲ್ಲಿಯೂ ಅವನು ಇರಲಿಲ್ಲ.

ಸಂಘದ ಅಧ್ಯಕ್ಷರು ಶಾಲು ಹಿಡಿದು ಹತ್ತಿರ ಬಂದರು. “ಚಾಚಾ, ಸಾಕು ಬಿಡಿ. ಹಬ್ಬದ ದಿನ, ಮಕ್ಕಳಿದಾರೆ.”

“ಆ ರೊಟ್ಟಿಯವನ್ನ ಬಿಟ್ಟು ನನಗಷ್ಟ ಹೊದಿಸ್ತೀರಿ ಅಂದ್ರ ನಿಮ್ಮ ಶಾಲು ನನಗ ಬ್ಯಾಡ್ರಿ.”

ಕೆಲವರು ಎದ್ದು ಊಟದ ಸಾಲಿಗೆ ಹೋದರು. ಚಾಚಾ ಪೂರ್ತಿ ಹೇಳಿಯೇ ವೇದಿಕೆ ಇಳಿದರು, ಬರಿಗೈಯಲ್ಲಿ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನೆವಾರ್ಕ್‌ಗೆ ಹತ್ತಿರದ ಪ್ಲೆಸೆಂಟನ್‌ನಲ್ಲಿ ನಡೆದ ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಪದಕದ ಬಗ್ಗೆಯೇ ಮಾತಾಡಿದರು. ನಾನು ಎದ್ದು ರೊಟ್ಟಿಯವನ ವಿಷಯ ತೆಗೆದೆ. “ನಿಮಗೆ ಸರಿಯಾಗಿ ನೆನಪಿದೆಯಾ?” ಎಂದರು ಯಾರೋ. ಎಲ್ಲವೂ ಇಲ್ಲ. ಚಾಚಾ ಅವನ ಹೆಸರು ಹೇಳಿದ್ದರು, ಅದೇ ಮರೆತುಹೋಗಿದೆ... ಕೇಳಿ ತಿದ್ದಿಕೊಳ್ಳೋಣವೆಂದರೆ ಅವರಿಲ್ಲ. ಆದರೂ ಕೂರಲಿಲ್ಲ. ಅಂದು ಅಂದದ್ದನ್ನೇ ಈಗಲೂ ಅನ್ನುತ್ತೇನೆ: ಆ ದಿನ ಚಾಚಾ ಹೊತ್ತು ತಂದದ್ದು ಇಬ್ಬರನ್ನು.